ಪಿಸುಮಾತು ಬಿಟ್ಟ ದೊಡ್ಡವ್ವ

ನನ್ನ ದೊಡ್ಡವ್ವ ಎದ್ದು ಹೋದ ಜಾಗದಲ್ಲಿ ಬಿಳಿ ಹೊಟ್ಟು ಬಿದ್ದಿರುತ್ತಿತ್ತು. ಮೊಣಕೈಯಿಂದ, ಮೊಣಕಾಲಿನಿಂದ, ಬೈತಲೆಯ ಎರಡೂ ಬದಿಯಿಂದ ಉದುರಿದ ಚರ್ಮದ ಹೊಟ್ಟು. ಶಹಾಬಾದದ ಅವಳ ಮನೆಯ ಮುಂದೆ ಫರಸಿ ಕಲ್ಲಿನ ಕಟ್ಟೆ ಇತ್ತು. ಆ ಕಪ್ಪು ಕಲ್ಲಿನ ಮೇಲೆ ಅದು ದೂರದಿಂದಲೇ ಎದ್ದು ಕಾಣುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಏಳುವ ಮೊದಲು ಸೆರಗಿನಿಂದ ಒರೆಸಿ, ಸೆರಗನ್ನು ಮುದುಡಿ ಒಳಗೆ ಹೋಗುತ್ತಿದ್ದಳಂತೆ. ನಾನು ಬಲ್ಲ ದೊಡ್ಡವ್ವ ಒರೆಸುತ್ತಿರಲಿಲ್ಲ. ಬಂದವರು ಕಟ್ಟೆ ನೋಡಿ ಮುಖ ಕಿವುಚಿದರೆ, “ಕಸಬರಿಗಿ ಅಲ್ಲೇ ಮೂಲ್ಯಾಗದ, ಬೇಕಾದ್ರ ಹೊಡ್ಕೊಂಡು ಕುಂದ್ರಿ” ಎನ್ನುತ್ತಿದ್ದಳು.

ಸೋರಿಯಾಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಈ ಒಂದು ವಾಕ್ಯವನ್ನು ನನ್ನ ಜೀವಮಾನದಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳಿದಾಗೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಾರೆ, ಮತ್ತೆ ಕುರ್ಚಿಯನ್ನು ಒಂದಿಷ್ಟು ಹಿಂದೆ ಸರಿಸಿಕೊಳ್ಳುತ್ತಾರೆ. ಓದಿದವರು ಸ್ವಲ್ಪ ನಾಜೂಕಾಗಿ ಸರಿಸುತ್ತಾರೆ, ಅಷ್ಟೇ. ದೊಡ್ಡವ್ವನ ಓಣಿಯಲ್ಲಿ ಅದಕ್ಕೆ ಗಜಕರ್ಣ ಎಂದರು, ಹುರುಕು ಎಂದರು, ಬಾಯಿ ಸಡಿಲಿದ್ದವರು ಇನ್ನೂ ದೊಡ್ಡ ರೋಗದ ಹೆಸರನ್ನೂ ಹೇಳಿದರು. ಅವಳ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಒಮ್ಮೆ ನಾನೂ ಅವಳೂ ಬಸ್ಸಿನಲ್ಲಿ ವಾಡಿಗೆ ಹೋಗುವಾಗ, ಪಕ್ಕದಲ್ಲಿದ್ದ ಹೆಂಗಸು ಅವಳ ಮೊಣಕೈ ನೋಡಿ ಎದ್ದು ನಿಂತಳು. ದೊಡ್ಡವ್ವ ಖಾಲಿಯಾದ ಸೀಟಿನ ಮೇಲೆ ತನ್ನ ಚೀಲ ಇಟ್ಟಳು, ಚೀಲದ ಮೇಲೆ ಕಾಲು ಚಾಚಿದಳು. “ಭಾಳ ಉಪಕಾರ ಆತು ನೋಡವ್ವ, ಕಾಲು ಜೋಮು ಹಿಡದಿತ್ತು” ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು. ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಅವಳು ನನ್ನ ಅವ್ವನ ಅಕ್ಕ. ನಮ್ಮ ಮನೆ ಚಿತ್ತಾಪುರದಲ್ಲಿ, ಅವಳದು ಶಹಾಬಾದದಲ್ಲಿ. ದೊಡ್ಡಪ್ಪ ಕಲ್ಲು ಪಾಲಿಶ್ ಮಾಡುವ ಯಾರ್ಡಿನಲ್ಲಿ ಮಷೀನು ನಡೆಸುತ್ತಿದ್ದ. ಮಾತು ಕಡಿಮೆ, ಬೀಡಿ ಜಾಸ್ತಿ. ದೊಡ್ಡವ್ವನೂ ಮೊದಲು ಅದೇ ಯಾರ್ಡಿನಲ್ಲಿ ಕಲ್ಲು ತೊಳೆಯುತ್ತಿದ್ದಳು. ಕಲ್ಲಿನ ರಾಡಿ ನೀರಿಗೆ ಕೈಯ ಚರ್ಮ ಇನ್ನಷ್ಟು ಸೀಳಿದಾಗ ಜೊತೆಯ ಹೆಂಗಸರೇ ಮಾಲೀಕನಿಗೆ ಹೇಳಿ ಅವಳನ್ನು ಬಿಡಿಸಿದರು. ಆಮೇಲೆ ಮನೆಯಲ್ಲಿ ಕೂತು ಕೌದಿ ಹೊಲಿದಳು. ಅವಳ ಹೆಸರು ಹೇಳಿದರೆ ಯಾರೂ ಕೊಳ್ಳುವುದಿಲ್ಲವೆಂದು ಪಕ್ಕದ ಮನೆಯ ಮುದುಕಿ ತಾನೇ ಹೊಲಿದದ್ದೆಂದು ಮಾರಿಕೊಡುತ್ತಿದ್ದಳು. ಅವಳ ಕೈಯ ನೀರು ಒಲ್ಲದ ಮನೆಗಳ ಮಕ್ಕಳೆಲ್ಲ ಚಳಿಗಾಲದಲ್ಲಿ ಅವಳ ಕೌದಿಯಲ್ಲೇ ಮಲಗಿದವು. ಒಂದಕ್ಕೂ ಏನೂ ಅಂಟಲಿಲ್ಲ.

ಅವಳಿಗೆ ಪಿಸುಮಾತು ಬರುತ್ತಿರಲಿಲ್ಲ. ಹೆಂಗಸರು ಕಿವಿಯಲ್ಲಿ ಹೇಳುವುದನ್ನೆಲ್ಲ ಅವಳು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು. ಮುಟ್ಟು, ಬಿಳಿ ಹೋಗುವುದು, ಗಂಡ ಕುಡಿದು ಬಂದು ಹಾಸಿಗೆಗೆ ಎಳೆಯುವುದು, ಎಲ್ಲವೂ ಅವಳ ಬಾಯಲ್ಲಿ ಜೋಳದ ದರದಷ್ಟು ಸಾದಾ ಮಾತು. ನಾನು ದೊಡ್ಡವಳಾದಾಗ ನಮ್ಮವ್ವ ಬಾಗಿಲು ಮುಂದೆ ಮಾಡಿ ಏನೋ ಗೊಣಗಿದಳು, ನನಗೊಂದೂ ತಿಳಿಯಲಿಲ್ಲ. ಶಹಾಬಾದಕ್ಕೆ ಹೋದಾಗ ದೊಡ್ಡವ್ವ ಸೊಪ್ಪು ಸೋಸುತ್ತ ಒಂದೇ ಸಲಕ್ಕೆ ಎಲ್ಲ ಹೇಳಿಬಿಟ್ಟಳು. ದೊಡ್ಡಪ್ಪ ಬೀಡಿ ಹಿಡಿದು ಹೊರಗೆ ಓಡಿದ. “ಓಡ್ಲಿ ಬಿಡು. ನಾಚಿಕಿ ಅವರ್ದು, ಬ್ಯಾನಿ ನಮ್ದು” ಎಂದಳು.

ಅವಳ ಮನೆಯ ಗೋಡೆಯ ಮಾಡದಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದರಲ್ಲಿ ಅವಳ ಚರ್ಮದ ಔಷಧಿ: ಮುಲಾಮು, ಎಣ್ಣೆ, ಗುಳಿಗೆ. ಆ ಡಬ್ಬಿಯನ್ನು ಅತ್ತೆ, ನಾದಿನಿ, ನೆರೆಯವರು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ರೋಗ ಹತ್ತುತ್ತದೆಂಬ ಭಯ. ಓಣಿಯ ಕಿರಿಯ ಹೆಂಗಸರಿಗೆ ಈ ಭಯ ಬಹಳ ಉಪಯೋಗಕ್ಕೆ ಬಂತು. ಆರೋಗ್ಯ ಕೇಂದ್ರದ ಸಿಸ್ಟರು ಕೊಟ್ಟ ಮಕ್ಕಳಾಗದ ಗುಳಿಗೆಗಳನ್ನು ಮನೆಯಲ್ಲಿಟ್ಟರೆ ಅತ್ತೆಯರು ಹುಡುಕಿ ತಿಪ್ಪೆಗೆ ಒಗೆಯುತ್ತಿದ್ದರು. ಹಾಗಾಗಿ ಅವು ಒಂದೊಂದಾಗಿ ದೊಡ್ಡವ್ವನ ಡಬ್ಬಿಗೆ ಬಂದವು. ಅವಳ ಬಾಗಿಲ ಪಕ್ಕದಲ್ಲೇ ಓಣಿಯ ನಳ ಇತ್ತು. ಸಂಜೆ ನೀರಿಗೆ ಬಂದವರು ಕೊಡ ನಳಕ್ಕಿಟ್ಟು ಒಳಗೆ ಬಂದು, ತಮ್ಮ ಗುಳಿಗೆ ನುಂಗಿ, ಕೊಡ ತುಂಬುವಷ್ಟರಲ್ಲಿ ಹೊರಗಿರುತ್ತಿದ್ದರು. ಇದೇ ಹೆಂಗಸರು ಹಗಲಿನಲ್ಲಿ ಅವಳ ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. “ಇವರಿಗಿ ಯಾಕ ಜಾಗ ಕೊಡ್ತಿ ದೊಡ್ಡವ್ವ?” ಎಂದರೆ, “ಅವರ ಹೊಟ್ಟಿ ಅವರ ಮಾತು ಕೇಳ್ಲಿ ಅಂತ” ಎಂದಳು.

ಅವಳು ಹಾಗೇಕೆ ಎಂದಳೆಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ನಂತರ, ಅವಳೇ ಹೇಳಿದಾಗ.

ಮದುವೆಯಾದ ಹೊಸತರಲ್ಲಿ ಅವಳ ಮೈಯೆಲ್ಲ ಕೆಂಪಗೆ ಎದ್ದಿತ್ತು. ಒಂದಿಷ್ಟು ಕಡಿಮೆಯಾಗಲಿ, ಆಮೇಲೆ ಮಕ್ಕಳು ಎಂದು ಅವಳು ಒಬ್ಬಳೇ ನಿರ್ಧಾರ ಮಾಡಿ, ಗಂಡನಿಗೂ ಹೇಳದೆ ಸಿಸ್ಟರ ಹತ್ತಿರ ಗುಳಿಗೆ ತಂದುಕೊಂಡಳು. ದಿನಾ ರಾತ್ರಿ ಉಂಡ ಮೇಲೆ ಒಂದು. ಅದೇ ಹೊತ್ತಿನಲ್ಲಿ ದೊಡ್ಡಪ್ಪ ಅವಳನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ವಾರಕ್ಕೊಮ್ಮೆ ತೆಗೆದುಕೊಳ್ಳುವ ಗುಳಿಗೆ ಬರೆದರು, ಮೆಥೋಟ್ರೆಕ್ಸೇಟ್. ಅದನ್ನು ತಿನ್ನುವಾಗ ಗರ್ಭ ನಿಲ್ಲಲೇಬಾರದು, ನಿಂತರೆ ಕೂಸಿಗೆ ಅದು ವಿಷ. ಈ ಮಾತನ್ನು ತಿನ್ನುವವಳಿಗೆ ಹೇಳಬೇಕೋ ಬೇಡವೋ? ಡಾಕ್ಟರು ದೊಡ್ಡಪ್ಪನನ್ನು ಬಾಗಿಲ ಹತ್ತಿರ ಕರೆದು, “ಸದ್ಯಕ್ಕೆ ಸ್ವಲ್ಪ ನೋಡಿಕೊಳ್ಳಿ” ಎಂದರಂತೆ. ದೊಡ್ಡಪ್ಪ ತಲೆಯಾಡಿಸಿದ. ಏನನ್ನು ನೋಡಿಕೊಳ್ಳಬೇಕೆಂದು ಅವನು ಕೇಳಲಿಲ್ಲ, ಅವರು ಹೇಳಲಿಲ್ಲ. ಗಂಡಸರಿಬ್ಬರ ಮರ್ಯಾದೆ ಉಳಿಯಿತು.

ವಾರದ ಗುಳಿಗೆಯನ್ನು ಅವಳು ಬೆಳಿಗ್ಗೆ ತಿನ್ನುತ್ತಿದ್ದಳು. ಸಂಜೆಯಾಗುವಷ್ಟರಲ್ಲಿ ಹೊಟ್ಟೆ ತೊಳಸಿ, ಉಂಡದ್ದೆಲ್ಲ ವಾಂತಿ. ಮರುದಿನವೂ ಅದೇ. ಉಣ್ಣುವುದು, ಮಕ್ಕಳಾಗದ ಗುಳಿಗೆ ನುಂಗುವುದು, ಸ್ವಲ್ಪ ಹೊತ್ತಿಗೆ ಎರಡೂ ಬಚ್ಚಲಿಗೆ ಹೋಗುವುದು. ನುಂಗಿದ್ದು ಹೊರಗೆ ಬಂದರೆ ನುಂಗಿದಂತಲ್ಲ ಎಂದು ಅವಳಿಗೆ ಯಾರು ಹೇಳಬೇಕಿತ್ತು? ಚರ್ಮದ ಡಾಕ್ಟರಿಗೆ ಅವಳು ಇನ್ನೊಂದು ಗುಳಿಗೆ ತಿನ್ನುವುದು ಗೊತ್ತಿಲ್ಲ. ಸಿಸ್ಟರಿಗೆ ಅವಳು ಚರ್ಮದ ಗುಳಿಗೆ ತಿನ್ನುವುದು ಗೊತ್ತಿಲ್ಲ. ಇವರು ಚರ್ಮ ನೋಡಿದರು, ಅವರು ಬಸಿರು ನೋಡಿದರು. ಇಡೀ ಹೆಂಗಸನ್ನು ನೋಡಿದವರು ಯಾರೂ ಇಲ್ಲ.

ಮುಟ್ಟು ನಿಂತಾಗ ಔಷಧಿಯ ಉಷ್ಣ ಇರಬೇಕೆಂದುಕೊಂಡಳು. ವಾರದ ಗುಳಿಗೆ ನಡೆದೇ ಇತ್ತು. ಹೊಟ್ಟೆಯಲ್ಲಿ ಜೀವ ಆಡಿದಾಗಲೇ ಗೊತ್ತಾದದ್ದು. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಐದು ತಿಂಗಳ ಕೂಸು ಆಸ್ಪತ್ರೆಯಲ್ಲಿ ಹೋಯಿತು. ಅದನ್ನು ಅವಳಿಗೆ ತೋರಿಸಲಿಲ್ಲ. ಅವಳ ಚೀಲದಲ್ಲಿದ್ದ ಗುಳಿಗೆ ನೋಡಿ ನರ್ಸೊಬ್ಬಳು, “ಇದನ್ನ ತಿನ್ನುವಾಗ ಬಸರಾಗಬಾರದಿತ್ತಲ್ಲವ್ವ, ಯಾರೂ ಹೇಳಲಿಲ್ಲೇನು?” ಎಂದಳಂತೆ. ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಅತ್ತೆ, ಸೊಸೆಗೆ ಹೊಟ್ಟೆನೋವು ಬಂದಿತ್ತೆಂದು ಊರಿಗೆ ಹೇಳಿ ಮುಗಿಸಿದಳು. ಒಳಗೊಳಗೆ, ತಾಯಿಯ ಹುರುಕೇ ಕೂಸನ್ನು ತಿಂತು ಎಂದು ಆಡಿಕೊಂಡರು. ದೊಡ್ಡಪ್ಪನಿಗೆ ಇನ್ನೊಂದು ಮದುವೆ ಮಾಡಲು ನೋಡಿದರು. ಅದೊಂದಕ್ಕೆ ಅವನು ಒಪ್ಪಲಿಲ್ಲ, ಅಷ್ಟು ಪುಣ್ಯ ಅವನ ಲೆಕ್ಕಕ್ಕಿರಲಿ. ಮತ್ತೆ ಮಕ್ಕಳಾಗಲಿಲ್ಲ.

“ಡಾಕ್ಟರ್ ಕೇಳಲಿಲ್ಲ, ನಾ ಹೇಳಲಿಲ್ಲ. ಎಲ್ಲಾರೂ ಸಣ್ಣ ದನಿ ಮಾಡಿ ಮಾತಾಡಿದ್ರು. ಆ ಸಣ್ಣ ದನ್ಯಾಗೇ ನನ್ ಕೂಸ್ ಹೋತು” ಎಂದಳು ದೊಡ್ಡವ್ವ. ಅಂದಿನಿಂದ ಅವಳು ಪಿಸುಮಾತು ಬಿಟ್ಟಳು. ಬೇರೆಯವರು ಮಾಂಸ ಬಿಟ್ಟ ಹಾಗೆ, ಚಹಾ ಬಿಟ್ಟ ಹಾಗೆ, ಗಟ್ಟಿ ಮನಸ್ಸು ಮಾಡಿ ಬಿಟ್ಟಳು.

ನನಗೆ ಮದುವೆಯಾಗಿ ಸೇಡಂಗೆ ಹೋದ ಮರುವರ್ಷ ಅಂಗೈ, ಅಂಗಾಲು ದಪ್ಪಗಾಗಿ ಬಿರಿದವು. ದೊಡ್ಡವ್ವನ ರೋಗ ಅಂಟಿ ಅಲ್ಲ, ರಕ್ತದಲ್ಲಿ ಹರಿದು, ನಮ್ಮವ್ವನನ್ನು ಬಿಟ್ಟು ನನಗೆ ಬಂದಿತ್ತು. ನಾನು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಚಾಕ್ ಹಿಡಿದರೆ ರಕ್ತ ಬರುತ್ತಿತ್ತು. ಆಗ ಬಿ.ಎಡ್. ಮುಗಿಯುವವರೆಗೆ ಮಕ್ಕಳು ಬೇಡವೆಂದು ನಾನೂ ಗಂಡನೂ ಕೂಡಿಯೇ ತೀರ್ಮಾನಿಸಿದ್ದೆವು. ನನಗೆ ಅರೆತಲೆನೋವು ಇರುವುದರಿಂದ ಸೇಡಂನ ಹೆಣ್ಣು ಡಾಕ್ಟರು ಒಂದೇ ಹಾರ್ಮೋನಿರುವ ಸಣ್ಣ ಗುಳಿಗೆ ಕೊಟ್ಟಿದ್ದರು. ಇದು ನನ್ನ ಅತ್ತೆಗೆ ಗೊತ್ತಿರಲಿಲ್ಲ. ಆಕೆ ಪ್ರತಿ ತಿಂಗಳೂ ನನ್ನ ಮುಖ ನೋಡಿ ದೇವರಿಗೆ ಹೊಸ ಹರಕೆ ಹೊರುತ್ತಿದ್ದರು. ಗೊತ್ತಿದ್ದದ್ದು ಗಂಡನಿಗೆ ಮತ್ತು ದೊಡ್ಡವ್ವನಿಗೆ.

ಕಲಬುರಗಿಯ ಚರ್ಮದ ಡಾಕ್ಟರ ಹತ್ತಿರ ಹೋಗುವ ದಿನ ದೊಡ್ಡವ್ವ ತಾನೂ ಬರುತ್ತೇನೆಂದಳು. ನನ್ನೊಡನೆ ಗಂಡ, ಅತ್ತೆ ಇಬ್ಬರೂ ಹೊರಟಿದ್ದರು; ಅತ್ತೆಗೆ ಅದು ಸೇರಲಿಲ್ಲ. ರೈಲಿನಲ್ಲಿ ಎದುರು ಸೀಟಿನಲ್ಲಿ, ಮೂಗಿಗೆ ಸೆರಗು ಹಿಡಿದು ಕೂತರು. ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಡಾಕ್ಟರು ಕೆಟ್ಟವರಲ್ಲ. ನನ್ನ ಅಂಗೈ ಹಿಡಿದು ನೋಡಿದರು, ಅಸಹ್ಯಪಡಲಿಲ್ಲ. ಆದರೆ ಹೊರಗೆ ಜನ ತುಂಬಿದ್ದರು, ಅವರಿಗೆ ಅವಸರವಿತ್ತು. ನನ್ನ ಹೊಟ್ಟೆಯ ಬಗೆಗಿನ ಪ್ರಶ್ನೆಯನ್ನು ನನಗೆ ಕೇಳದೆ ನನ್ನ ಅತ್ತೆಗೆ ಕೇಳಿದರು. “ಬಸರಿ ಏನಿಲ್ಲಲ್ಲ?”

“ಎಲ್ಲಿದ್ರಿ ಸಾಹೇಬ್ರ, ದೇವ್ರು ಇನ್ನಾ ಕಣ್ಣ ತೆರದಿಲ್ಲ” ಎಂದರು ಅತ್ತೆ.

ಡಾಕ್ಟರು ಚೀಟಿ ಬರೆಯುತ್ತಲೇ, “ಈ ಕ್ಯಾಪ್ಸೂಲ್ ಸ್ಟ್ರಾಂಗ್ ಇರ್ತಾವ. ನಡದಷ್ಟು ದಿನ ಮಕ್ಕಳು ಬ್ಯಾಡ. ಸ್ವಲ್ಪ ನೋಡ್ಕೊಳ್ರಿ” ಎಂದು ನನ್ನ ಗಂಡನಿಗೆ ಹೇಳಿದರು. ನನ್ನ ಗಂಡ ತಲೆಯಾಡಿಸಿ ಫ್ಯಾನ್ ನೋಡಿದ. ಅತ್ತೆಯ ಮುಖ ಕಪ್ಪಿಟ್ಟಿತು. ನಾನು ನನ್ನ ಅಂಗೈ ನೋಡಿಕೊಂಡೆ. ಚೀಟಿ ಹರಿದು ಕೈಗೆ ಬಂತು. ಮುಗಿಯಿತು. ಇನ್ನೊಂದು ಉಸಿರಿನಲ್ಲಿ ನಾವು ಹೊರಗಿರುತ್ತಿದ್ದೆವು.

“ಏನ್ ನೋಡ್ಕೋಬೇಕ್ರಿ?” ಎಂದಳು ದೊಡ್ಡವ್ವ.

ಡಾಕ್ಟರು ತಲೆಯೆತ್ತಿದರು.

“ನೋಡ್ಕೊಳ್ರಿ ನೋಡ್ಕೊಳ್ರಿ ಅಂತೀರಿ. ಏನ್ ನೋಡ್ಕೋಬೇಕು, ಯಾರು ನೋಡ್ಕೋಬೇಕು, ಬಾಯಿ ಬಿಟ್ಟು ಹೇಳ್ರಿ. ಈ ಹುಡುಗಿ ಮಕ್ಕಳಾಗದ ಗುಳಿಗಿ ತೊಗೋಳಾಕತ್ತಾಳ. ದಿನಾ ತೊಗೋತಾಳ. ಅದರ ಮ್ಯಾಲ ನಿಮ್ಮ ಈ ಗುಳಿಗಿ ತಿಂದ್ರ ಏನಾಗ್ತದ?”

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ದೊಡ್ಡವ್ವನ ಮೇಲೆ ಆ ಕ್ಷಣ ಬಂದ ಸಿಟ್ಟು ಜೀವನದಲ್ಲಿ ಮತ್ಯಾರ ಮೇಲೂ ಬಂದಿಲ್ಲ.

ಆದರೆ ಡಾಕ್ಟರು ಚೀಟಿ ವಾಪಸು ಕೇಳಿದರು. ಯಾವ ಗುಳಿಗೆ ಎಂದರು. ನಾನು ಪರ್ಸಿನ ಒಳಜೇಬಿನಿಂದ ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ತಾವು ಬರೆದದ್ದರ ಮೇಲೆ ಅಡ್ಡಗೆರೆ ಎಳೆದರು. ಈ ಸಲ ನನ್ನ ಮುಖ ನೋಡಿ ಮಾತಾಡಿದರು. “ನೋಡ್ರಿ, ಈ ಕ್ಯಾಪ್ಸೂಲು ನಿಮ್ಮ ಒಂದೇ ಹಾರ್ಮೋನಿನ ಗುಳಿಗೆಯ ಕೆಲಸ ಕೆಡಿಸಬಹುದು. ಗುಳಿಗೆ ತಪ್ಪದೆ ತಿಂದ್ರೂ ಗರ್ಭ ನಿಲ್ಲಬಹುದು. ಅಂಥಾದ್ರಾಗ ನಿಂತ್ರ ಕೂಸಿಗೆ ಭಾಳ ಕೆಟ್ಟದ್ದು. ಇದು ಮೈಯಾಗ ಉಳೀತದ, ಬಿಟ್ಟ ಮ್ಯಾಲೂ ಮೂರು ವರ್ಷ ಬಸರಾಗೋ ಹಂಗಿಲ್ಲ. ನಿಮಗ ಇದು ಬ್ಯಾಡೇ ಬ್ಯಾಡ. ಬೆಳಕಿನ ಚಿಕಿತ್ಸೆ ಮಾಡೋಣ, ಮುಲಾಮು ಕೊಡ್ತೀನಿ.” ಆಮೇಲೆ ಸ್ವಲ್ಪ ಬೇಸರದಿಂದ, “ಇದನ್ನ ಮೊದಲೇ ಹೇಳಬೇಕಿತ್ತಮ್ಮ” ಎಂದರು.

“ಮೊದಲೇ ಕೇಳಬೇಕಿತ್ರಿ ನೀವು” ಎಂದಳು ದೊಡ್ಡವ್ವ. “ಇಕಿಗಿ ಕೇಳಬೇಕಿತ್ತು. ಹೊಟ್ಟಿ ಇಕಿದು.”

ಮೂರು ವರ್ಷ. ನನ್ನ ಬಿ.ಎಡ್. ಮುಗಿಯಲು ಒಂದೇ ವರ್ಷವಿತ್ತು. ಆಮೇಲೆ ಕೂಸು ಬೇಕೆಂದು ನಾನು ಹೆಸರನ್ನೂ ಯೋಚಿಸಿಟ್ಟಿದ್ದೆ. ಆ ಚೀಟಿಯ ಪ್ರಕಾರ ಔಷಧಿ ಅಂಗಡಿಗೆ ಹೋಗಿದ್ದರೆ, ಏನೂ ತಿಳಿಯದೆ, ಎರಡನ್ನೂ ನಿಷ್ಠೆಯಿಂದ ನುಂಗುತ್ತ ನಾನು ಎಲ್ಲಿಗೆ ಹೋಗಿ ಮುಟ್ಟುತ್ತಿದ್ದೆ ಎಂದು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ. ಹಾಗೆಯೇ ಸಿಟ್ಟೂ ಬರುತ್ತದೆ. ಇಷ್ಟು ದೊಡ್ಡ ಮಾತು “ಸ್ವಲ್ಪ ನೋಡ್ಕೊಳ್ರಿ”ಯಲ್ಲಿ ಹೇಗೆ ಹಿಡಿಸಿತು?

ಮನೆಗೆ ಬಂದ ಮೇಲೆ ಅತ್ತೆ ಮಾತಾಡಿದರು. “ನನ್ ಮಗನ ಮನಿತನ ಮುಳುಗಿಸ್ಲಿಕ್ಕಿ ಗುಳಿಗಿ ನುಂಗಾಕತ್ತಾಳ, ನಾ ದೇವ್ರಿಗಿ ಉರುಳಸೇವಾ ಬೇಡ್ಕೊಳ್ಳಾಕತ್ತೀನಿ” ಎಂದು ಓಣಿಗೆಲ್ಲ ಕೇಳುವಂತೆ ಅತ್ತರು. ಆ ತಾಯಿಯ ದುಃಖ ಸುಳ್ಳಲ್ಲ; ಆಕೆಗೂ ಯಾರೂ ಏನೂ ಹೇಳಿರಲಿಲ್ಲವಲ್ಲ. ನನ್ನ ಗಂಡ ಆಗಲೂ ಒಂದು ಮಾತು ಆಡಲಿಲ್ಲ. ಇಬ್ಬರೂ ಕೂಡಿ ಮಾಡಿದ ನಿರ್ಧಾರ ಒಂದೇ ದಿನದಲ್ಲಿ ನನ್ನೊಬ್ಬಳ ಕಪಟವಾಯಿತು. ಮರುದಿನ ನನ್ನನ್ನು ಚಿತ್ತಾಪುರಕ್ಕೆ ಕಳಿಸಿದರು.

ತವರಿನಲ್ಲಿ ನಮ್ಮವ್ವ ಅಕ್ಕನಿಗೆ ಹಿಡಿಶಾಪ ಹಾಕಿದಳು. “ಮಗಳ ಸಂಸಾರ ಬೀದಿಗಿ ತಂದಿ” ಎಂದಳು. ನಾನೂ ದೊಡ್ಡವ್ವನ ಮುಖ ನೋಡಿ ಮಾತಾಡಲಿಲ್ಲ. ಅವಳು ತಪ್ಪಾಯಿತು ಎನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೆಳಕಿನ ಚಿಕಿತ್ಸೆಗೆ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋಗಲು ಶಹಾಬಾದ ಸ್ಟೇಷನ್ನಿನಲ್ಲಿ ಬಂದು ನಿಂತಿರುತ್ತಿದ್ದಳು. ಒಂದು ದಿನ ನಾನೇ ಸಿಡುಕಿ, “ಹೊರಗ ಬಂದ ಮ್ಯಾಲ ನನ್ ಕಿವ್ಯಾಗ ಹೇಳಿದ್ರ ಆಗ್ತಿರ್ಲಿಲ್ಲೇನು?” ಎಂದೆ.

“ಕಿವ್ಯಾಗ ಹೇಳಿದ್ರ ನೀ ಮತ್ತ ಒಳಗ ಹೋಗಿ ಕೇಳ್ತಿದ್ದೇನು?” ಎಂದಳು.

ಕೇಳುತ್ತಿರಲಿಲ್ಲ. ಅತ್ತೆಯ ಎದುರು ಖಂಡಿತ ಕೇಳುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಡ ಬಂದ. ತಪ್ಪಾಗಿದೆ, ಬಾ ಎಂದ. ದೊಡ್ಡವ್ವ ಅಲ್ಲೇ ಇದ್ದಳು. “ನನಗ್ಯಾಕ ಹೇಳ್ತೀರಿ ಅಳಿಯಪ್ಪ, ಇಕಿಗ್ಯಾಕ ಹೇಳ್ತೀರಿ? ನಿಮ್ಮವ್ವಗ ಹೇಳ್ರಿ. ಇಬ್ಬರೂ ಕೂಡಿ ತೊಗೊಂಡೀವಿ ಅಂತ ಅವರ ಮುಂದ ಹೇಳ್ರಿ. ಆಮ್ಯಾಲ ಬಂದು ಕರ್ಕೊಂಡು ಹೋಗ್ರಿ” ಎಂದಳು. ಚಹಾ ಕೂಡ ಕುಡಿಸದೆ ಕಳಿಸಿದಳು. ಅವನು ಹೋಗಿ ಹೇಳಿದ. ಮುಂದಿನ ವಾರ ಬಂದು ಕರೆದುಕೊಂಡು ಹೋದ. ಅತ್ತೆ ಇವತ್ತಿಗೂ ನನ್ನೊಡನೆ ಅಳೆದು ತೂಗಿ ಮಾತಾಡುತ್ತಾರೆ, ಇರಲಿ.

ಬಿ.ಎಡ್. ಮುಗಿಯಿತು, ಗುಳಿಗೆ ಬಿಟ್ಟೆ, ಮಗಳು ಹುಟ್ಟಿದಳು. ಕೈಕಾಲು ತುಂಬಿಕೊಂಡು, ಆಸ್ಪತ್ರೆ ಹಾರಿಹೋಗುವಂತೆ ಅರಚುತ್ತ ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ದೊಡ್ಡವ್ವನ ಕೈಗೆ ಕೂಸು ಕೊಡಬೇಡವೆಂದು ಯಾರೋ ನನ್ನ ಸೆರಗು ಜಗ್ಗಿದರು. ನಾನು ಕೊಟ್ಟೆ. ಅವಳು ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು, ಕಾಲಿನವನ್ನೂ ನೋಡಿದಳು. ಏನೂ ಹೇಳದೆ ವಾಪಸು ಕೊಟ್ಟಳು. ಅವಳು ಏನೂ ಹೇಳದೆ ಇದ್ದದ್ದನ್ನು ನಾನು ನೋಡಿದ್ದು ಆ ದಿನ ಒಂದೇ.

ಹೋದ ವರ್ಷ, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲ.

ನಾನು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಗಂಡನಿದ್ದಾಗಲೇ ಹೋದವಳೆಂದು ಹಸಿರು ಸೀರೆ, ಹಸಿರು ಬಳೆ, ಅರಿಸಿನ ಕುಂಕುಮ ಎಲ್ಲ ಇತ್ತು. ಹೆಂಗಸರು ಉಡಿ ತುಂಬುತ್ತಿದ್ದರು. ತುಂಬುತ್ತಿದ್ದರು ಎಂದರೆ, ದೂರ ನಿಂತು, ಬಾಗದೆ, ಸೀರೆಗೆ ಬೆರಳು ತಾಗದ ಹಾಗೆ ಮೇಲಿನಿಂದ ಅಕ್ಕಿ ಉದುರಿಸುತ್ತಿದ್ದರು. ಅರ್ಧ ಅಕ್ಕಿ ನೆಲಕ್ಕೆ ಬಿದ್ದಿತ್ತು. ಅವಳ ಡಬ್ಬಿಯಲ್ಲಿ ಗುಳಿಗೆ ಇಟ್ಟಿದ್ದ ಎಷ್ಟೋ ಜನರನ್ನು ನಾನು ಗುರುತು ಹಿಡಿದೆ. ನಾನು ಎಲ್ಲರನ್ನೂ ಸರಿಸಿ, ಅವಳ ಮುಂದೆ ಕೂತು, ಅವಳ ಸೆರಗನ್ನು ಕೈಯಿಂದ ಬಿಡಿಸಿ, ಬೊಗಸೆ ತುಂಬ ಅಕ್ಕಿ ಹಾಕಿದೆ.

ಹಿಂದಿನಿಂದ ಯಾರೋ ಮೆಲ್ಲನೆ, “ಪಾಪ, ಬಂಜಿ ಹಂಗೇ ಹೋದ್ಲು” ಎಂದರು.

ಎದ್ದು ನಿಂತೆ. “ಬಂಜಿ ಅಲ್ಲ ಆಕಿ” ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. “ಐದು ತಿಂಗಳ ಕೂಸು ಹೊತ್ತಾಕಿ. ಮಕ್ಕಳಾಗದ ಗುಳಿಗಿ ತಿಂತಿದ್ಲು, ಚರ್ಮದ ಗುಳಿಗಿನೂ ತಿಂತಿದ್ಲು. ಅದು ವಾಂತಿ ಆಗಿ ಹೋಗ್ತಿತ್ತು, ಇದು ಕೂಸಿನ್ನ ಕೊಂದಿತು. ಎರಡು ಮಾತು ಹೇಳಿದ್ರ ಉಳೀತಿತ್ತು, ಯಾರೂ ಹೇಳಲಿಲ್ಲ. ನಿಮ್ಮ ಬಾಯಿಗಿಷ್ಟು ಬೆಂಕಿ ಬೀಳ, ಆಕಿ ತಾಯಿ!”

ನಮ್ಮವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಆಗ ಬಾಗಿಲ ಹತ್ತಿರ, ಗಂಡಸರ ನಡುವೆ ಕುಕ್ಕುರುಗಾಲಲ್ಲಿ ಕೂತಿದ್ದ ದೊಡ್ಡಪ್ಪ ತಲೆಯೆತ್ತಿದ.

“ಗಂಡ್ ಕೂಸಿತ್ತು” ಎಂದ. “ನಾನೇ ಮಣ್ಣ ಮಾಡ್ದೆ. ಕೈ ಸರಿ ಇರ್ಲಿಲ್ಲ. ಮುಖ ಮಾತ್ರ ಆಕಿದೇ ಇತ್ತು.”

“ಇದನ್ನ ಆಕಿಗಿ ಹೇಳಬೇಕಿತ್ತು ದೊಡ್ಡಪ್ಪ” ಎಂದೆ.